ಗುಡ್ಡೆಯ ಊರಿನಲ್ಲಿ ಸೈಕಲ್ ಕಲಿಕೆ

ಮಗುವಿಗೆ ಸೈಕಲ್ ಕಲಿಸುವುದರಲ್ಲಿ ಮೂರು ಬೇರೆ ಬೇರೆ ವಿದ್ಯೆಗಳು ಸೇರಿವೆ: ಬೀಳದೆ ಸಾಗುವುದು, ಬೇಕಾದಲ್ಲಿ ನಿಲ್ಲುವುದು, ಪೆಡಲ್ ತುಳಿಯುವುದು. ಮಂಗಳೂರಿನ ಮನೆಗಳಲ್ಲಿ ಇವನ್ನು ಕಲಿಸುವ ಕ್ರಮ ಹೆಚ್ಚುಕಡಿಮೆ ತಲೆಕೆಳಗಾಗಿದೆ. ಪೆಡಲ್ ತುಳಿಯುವುದು ಮೊದಲ ದಿನವೇ ಶುರುವಾಗುತ್ತದೆ, ಬ್ಯಾಲೆನ್ಸ್ ತಿಂಗಳುಗಟ್ಟಲೆ ಆಮೇಲೆ ಬರುತ್ತದೆ, ಬ್ರೇಕನ್ನು ಯಾರೂ ಪಾಠವೆಂದು ಎಣಿಸುವುದೇ ಇಲ್ಲ. ಸಮತಟ್ಟಾದ ಊರಿನಲ್ಲಾದರೆ ಈ ತಪ್ಪಿನ ಬೆಲೆ ಮೊಣಕಾಲಿನ ಒಂದು ತರಚು ಗಾಯ. ಬಾವುಟಗುಡ್ಡೆ, ಮಣ್ಣಗುಡ್ಡೆ ಎಂದು ಹೆಸರಿನಲ್ಲೇ ಗುಡ್ಡೆ ಹೊತ್ತ ಊರಿನಲ್ಲಿ, ಮನೆಯ ಗೇಟು ದಾಟಿದ ಕೂಡಲೇ ರಸ್ತೆ ಕೆಳಕ್ಕೆ ಜಾರುವಲ್ಲಿ, ಬೆಲೆ ಅಷ್ಟಕ್ಕೇ ನಿಲ್ಲುವುದಿಲ್ಲ.

ಇಲ್ಲಿ ನಡೆದುಬಂದ ವಿಧಾನಗಳಲ್ಲಿ ಹಳೆಯದು ಒಳಪೆಡಲ್. ಮಕ್ಕಳ ಅಳತೆಯ ಸೈಕಲ್ ಮನೆಗೆ ಬರುವುದಕ್ಕೆ ಮೊದಲು, ಗಂಟೆಗಿಷ್ಟು ಎಂದು ಬಾಡಿಗೆಗೆ ತಂದ ಅಥವಾ ಅಪ್ಪನದೋ ಮಾವನದೋ ಆದ ಇಪ್ಪತ್ತೆಂಟು ಇಂಚಿನ ಹೀರೋ, ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲಿನಲ್ಲೇ ಮಕ್ಕಳು ಕಲಿತರು. ಸೀಟು ಎಟುಕದು, ಮೇಲಿನ ದಂಡಿಗೆಯನ್ನು ದಾಟಲು ಕಾಲು ಸಾಲದು. ಆದ್ದರಿಂದ ದಂಡಿಗೆಯ ಕೆಳಗಿನ ತ್ರಿಕೋನದೊಳಗೆ ಬಲಗಾಲನ್ನು ತೂರಿಸಿ, ಮೈಯನ್ನು ಒಂದು ಬದಿಗೆ ನೇತುಹಾಕಿ ಅರ್ಧ ಅರ್ಧ ಪೆಡಲ್ ಹೊಡೆಯಬೇಕಿತ್ತು. ಅದಕ್ಕೂ ಮುಂಚಿನ ಹಂತವೊಂದಿತ್ತು. ಎಡಗಾಲನ್ನು ಪೆಡಲ್ ಮೇಲೆ ಇಟ್ಟು, ಬಲಗಾಲಿನಿಂದ ನೆಲವನ್ನು ಒದೆಯುತ್ತಾ ಸೈಕಲ್ಲನ್ನು ತಳ್ಳಿಕೊಂಡು ಹೋಗುವುದು. ನಾಲ್ಕು ಸಲ ಒದ್ದು, ಕಾಲೆತ್ತಿ, ಒಂದಷ್ಟು ದೂರ ತೇಲಿದಂತೆ ಸಾಗುವುದು. ಈ ಹಂತವನ್ನು ಯಾರೂ ಪಾಠವೆಂದು ಕರೆಯಲಿಲ್ಲ. ಆದರೂ ಆ ತಲೆಮಾರಿಗೆ ಬ್ಯಾಲೆನ್ಸ್ ಬಂದದ್ದು ಇಲ್ಲಿಂದ. ಒಂದು ಕಾಲು ಸದಾ ನೆಲದ ಹತ್ತಿರ ಇದ್ದುದರಿಂದ ಸೈಕಲ್ ವಾಲಿದಾಗ ಮಗು ಇಳಿದುಬಿಡುತ್ತಿತ್ತು, ಹ್ಯಾಂಡಲ್ ಮಾತ್ರ ಕೈಯಲ್ಲೇ ಉಳಿಯುತ್ತಿತ್ತು. ಒಳಪೆಡಲಿನ ದೋಷಗಳೂ ಸಣ್ಣವಲ್ಲ. ಮಗುವಿನ ತೂಕಕ್ಕೆ ಸರಿಸಮನಾದ ಕಬ್ಬಿಣ ಮೈಮೇಲೆ ಬೀಳುತ್ತಿತ್ತು, ಬರಿಗಾಲಿನ ಬೆರಳು ಚೈನಿಗೆ ಸಿಕ್ಕುತ್ತಿತ್ತು, ಸೊಟ್ಟ ಭಂಗಿ ಅಭ್ಯಾಸವಾಗುತ್ತಿತ್ತು. ಇದನ್ನು ಮತ್ತೆ ತರಬೇಕೆಂದು ಯಾರೂ ಬಯಸಲಾರರು. ಆದರೆ ನೆಲ ಒದ್ದು ತೇಲುವ ಆ ಹಂತ ಕಳೆದುಹೋದದ್ದು ನಿಜವಾದ ನಷ್ಟ.

ಅದರ ಜಾಗಕ್ಕೆ ಬಂದದ್ದು ಸೈಡ್ ವೀಲ್. ಇಂದು ಮಂಗಳೂರಿನ ಯಾವ ಸೈಕಲ್ ಅಂಗಡಿಗೆ ಹೋದರೂ ಹನ್ನೆರಡು, ಹದಿನಾಲ್ಕು, ಹದಿನಾರು ಇಂಚಿನ ಸೈಕಲ್ಲುಗಳು ಹಿಂಬದಿಯಲ್ಲಿ ಎರಡು ಪುಟ್ಟ ಚಕ್ರಗಳನ್ನು ಕಟ್ಟಿಕೊಂಡೇ ನಿಂತಿರುತ್ತವೆ. ಮೂರು-ನಾಲ್ಕು ವರ್ಷದ ಮಗು ಮೊದಲ ಸಂಜೆಯೇ ಪೆಡಲ್ ತುಳಿದು ಸುತ್ತು ಹೊಡೆಯುತ್ತದೆ, ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಈ ಸಂತೋಷವನ್ನು ಕಡೆಗಣಿಸಬೇಕಾಗಿಲ್ಲ. ಮಗು ಸೈಕಲ್ ಎಂದರೆ ಹೆದರದಂತೆ ಆಗುವುದೂ ಒಂದು ಲಾಭವೇ. ಆದರೆ ಸೈಡ್ ವೀಲ್ ಏನನ್ನು ಕಲಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಬಿಜೈ, ಕದ್ರಿ, ಬೆಂದೂರು ಕಡೆಯ ಫ್ಲ್ಯಾಟುಗಳ ಕೆಳಗಿನ ಪಾರ್ಕಿಂಗಿನಲ್ಲಿ ಸಂಜೆ ಐದೂವರೆಗೆ ಇದು ದಿನವೂ ಕಾಣುವ ದೃಶ್ಯ. ಐದು ವರ್ಷದ ಹುಡುಗಿ ಕಂಬದಿಂದ ಕಂಬಕ್ಕೆ ಸುತ್ತು ಹಾಕುತ್ತಾಳೆ. ಬಲಕ್ಕೆ ತಿರುಗುವಾಗ ಹ್ಯಾಂಡಲನ್ನು ಪೂರಾ ಬಲಕ್ಕೆ ಎಳೆಯುತ್ತಾಳೆ, ಸೈಕಲ್ ವಾಲುವುದಿಲ್ಲ, ಎಡಗಡೆಯ ಪುಟ್ಟ ಚಕ್ರ ನೆಲಕ್ಕೆ ಒತ್ತಿ ಕಿರ್ರೆನ್ನುತ್ತದೆ. ತಿರುವಿನಲ್ಲಿ ಸಿಟಿ ಬಸ್ಸಿನೊಳಗೆ ನಿಂತವರು ಹೊರಗಡೆಗೆ ವಾಲುವಂತೆ ಅವಳ ಮೈಯೂ ಎಡಕ್ಕೆ ವಾಲುತ್ತದೆ. ಇದು ಮೂರು ಚಕ್ರದ ಗಾಡಿಯನ್ನು ನಡೆಸುವ ರೀತಿ. ಎರಡು ಚಕ್ರದ ಸೈಕಲ್ಲಿನಲ್ಲಿ ಬಲಕ್ಕೆ ತಿರುಗಬೇಕಾದರೆ ಬಲಕ್ಕೇ ವಾಲಬೇಕು. ಒಂದು ವರ್ಷ ಸೈಡ್ ವೀಲಿನಲ್ಲಿ ಓಡಿಸಿದ ಮಗು ಒಂದು ವರ್ಷ ತಪ್ಪು ಅಭ್ಯಾಸವನ್ನೇ ಗಟ್ಟಿಮಾಡಿಕೊಂಡಿರುತ್ತದೆ. ಪುಟ್ಟ ಚಕ್ರ ಬಿಚ್ಚಿದ ದಿನ ಮಗು ಮೊದಲಿಗಿಂತ ಹೆಚ್ಚು ಹೆದರುವುದಕ್ಕೆ ಕಾರಣ ಇದು. ಅದು ಪುಕ್ಕಲುತನವಲ್ಲ.

ಸೈಕಲ್ ಬೀಳದೆ ಇರುವುದು ಹೇಗೆ ಎಂಬುದನ್ನು ತಿಳಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಸೈಕಲ್ ಯಾವ ಕಡೆಗೆ ವಾಲುತ್ತದೋ ಆ ಕಡೆಗೇ ಮುಂದಿನ ಚಕ್ರವನ್ನು ತಿರುಗಿಸಿದರೆ, ಚಕ್ರಗಳು ಮೈಭಾರದ ಕೆಳಗೆ ಬಂದು ನಿಲ್ಲುತ್ತವೆ, ವಾಲಿದ್ದು ನೆಟ್ಟಗಾಗುತ್ತದೆ. ಸವಾರಿ ಎಂದರೆ ಹೀಗೆ ಕ್ಷಣಕ್ಷಣವೂ ಬೀಳುತ್ತಾ ಸಾವರಿಸಿಕೊಳ್ಳುವುದು. ಚಕ್ರದ ತಿರುಗುವಿಕೆಯೇ ಬುಗುರಿಯಂತೆ ಸೈಕಲ್ಲನ್ನು ನಿಲ್ಲಿಸುತ್ತದೆ ಎಂಬ ವಿವರಣೆ ಬಹುಕಾಲ ನಡೆದುಬಂದಿತ್ತು. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಆ ಬುಗುರಿ ಪರಿಣಾಮವನ್ನು ಅಳಿಸಿಹಾಕುವಂತೆ ಮಾಡಿದ ಸೈಕಲ್ಲೊಂದು ಸವಾರನಿಲ್ಲದೆಯೂ ನೆಟ್ಟಗೆ ಓಡುವುದನ್ನು ತೋರಿಸಿದರು. ಬೀಳುವ ಕಡೆಗೆ ಚಕ್ರ ತಿರುಗುವುದೇ ಮುಖ್ಯ ಎಂಬುದು ಅದರಿಂದ ಗಟ್ಟಿಯಾಯಿತು. ಸೈಡ್ ವೀಲ್ ಮಾಡುವುದು ವಾಲುವುದನ್ನೇ ತಡೆಯುವ ಕೆಲಸ. ವಾಲದಿದ್ದರೆ ಸಾವರಿಸಿಕೊಳ್ಳಲು ಕಲಿಯುವುದಾದರೂ ಹೇಗೆ?

ಇನ್ನೊಂದು ದೋಷವಿದೆ, ಗುಡ್ಡೆಯ ಊರಿನಲ್ಲಿ ಇದೇ ಎಲ್ಲಕ್ಕಿಂತ ಗಂಭೀರ. ಅಂಗಳದ ಇಂಟರ್‌ಲಾಕ್ ಕಲ್ಲು ಒಂದೆಡೆ ತಗ್ಗಿದ್ದರೆ ಎರಡೂ ಪುಟ್ಟ ಚಕ್ರಗಳು ಎತ್ತರದ ಜಾಗದಲ್ಲಿ ಕೂತು, ನಡುವಿನ ಹಿಂದಿನ ಚಕ್ರ ಗಾಳಿಯಲ್ಲಿ ನೇತಾಡುತ್ತದೆ. ಪೆಡಲ್ ತುಳಿದರೆ ಚಕ್ರ ಸುಮ್ಮನೆ ಸುತ್ತುತ್ತದೆ. ಹಿಂದಿನ ಬ್ರೇಕ್ ಹಿಡಿದರೆ ಆ ಚಕ್ರ ನಿಲ್ಲುತ್ತದೆ, ಸೈಕಲ್ ನಿಲ್ಲುವುದಿಲ್ಲ. ಗೇಟಿನ ಬಳಿಯ ಇಳಿಜಾರಿನಲ್ಲಿ ಹೀಗಾದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ. ಪೂರ್ತಿ ಭದ್ರವೆಂದು ನಂಬಿ ಹಾಕಿಸಿದ ಚಕ್ರ ಬ್ರೇಕನ್ನೇ ಕಸಿದುಕೊಳ್ಳುವ ಈ ಸಂಗತಿಯನ್ನು ಅಂಗಡಿಯವರು ಹೇಳುವುದು ಅಪರೂಪ, ಕೇಳುವವರೂ ಅಪರೂಪ.

ಸೈಡ್ ವೀಲ್ ಬಿಚ್ಚಿದ ಮೇಲೆ ಬರುವುದು ಹಿಂದಿನಿಂದ ಹಿಡಿದು ಓಡುವ ಪದ್ಧತಿ. ಅಜ್ಜ ಒಂದು ಕೈಯಲ್ಲಿ ಸೀಟನ್ನು ಹಿಡಿದು, ಬಾಗಿದ ಬೆನ್ನಿನಲ್ಲೇ ಹಿಂದೆ ಓಡುತ್ತಾರೆ. ಮೊಮ್ಮಗಳು "ಬಿಡ್ಬೇಡಿ ಅಜ್ಜ, ಬಿಡ್ಬೇಡಿ" ಎಂದು ಕೂಗುತ್ತಾಳೆ. "ಬಿಡುದಿಲ್ಲ ಮಾರಾಯ್ತಿ, ನೀನು ಎದುರು ನೋಡು" ಎನ್ನುತ್ತಲೇ ಅಜ್ಜ ಕೈ ಬಿಟ್ಟಿರುತ್ತಾರೆ. ನಾಲ್ಕು ಮಾರು ಹೋದ ಮೇಲೆ ಸದ್ದು ದೂರವಾದದ್ದು ಅವಳಿಗೆ ತಿಳಿಯುತ್ತದೆ, ತಿರುಗಿ ನೋಡುತ್ತಾಳೆ, ಬೀಳುತ್ತಾಳೆ. ಎಷ್ಟೋ ಮನೆಗಳಲ್ಲಿ ಇದು ಪ್ರೀತಿಯ ನೆನಪು, ಅದನ್ನು ಹಗುರಾಗಿ ಕಾಣುವಂತಿಲ್ಲ. ಪದ್ಧತಿಯಾಗಿ ನೋಡಿದರೆ ಮಾತ್ರ ಇದರಲ್ಲಿ ಎರಡು ಕುಂದು. ಹಿಡಿದಿರುವಷ್ಟು ಹೊತ್ತೂ ಬ್ಯಾಲೆನ್ಸ್ ಮಾಡುತ್ತಿರುವುದು ಅಜ್ಜನ ಕೈ, ಮಗುವಿಗೆ ಸಿಗುವುದು ಸುಳ್ಳು ಸಂದೇಶ. ಎರಡನೆಯದು, ಕೊಟ್ಟ ಮಾತು ಮುರಿದದ್ದು ಮಗುವಿಗೆ ಗೊತ್ತಾದ ಮೇಲೆ ಮರುದಿನದಿಂದ ಅದರ ಗಮನವೆಲ್ಲ ಹಿಂದೆಯೇ ಇರುತ್ತದೆ. ಹಿಡಿಯಲೇಬೇಕಾದರೆ ಸೀಟನ್ನೋ ಹ್ಯಾಂಡಲನ್ನೋ ಹಿಡಿಯದೆ ಮಗುವಿನ ಕಂಕುಳಿಗೆ ಅಥವಾ ಭುಜಕ್ಕೆ ಕೈ ಕೊಡುವುದು ಮೇಲು. ಆಗ ಸೈಕಲ್ ತನ್ನಷ್ಟಕ್ಕೆ ವಾಲುತ್ತದೆ, ವಾಲಿದ್ದು ಮಗುವಿನ ಕೈಗೆ ತಿಳಿಯುತ್ತದೆ. ಬಿಡುವ ಮುಂಚೆ "ಈಗ ಬಿಡ್ತೇನೆ" ಎಂದು ಹೇಳಿಯೇ ಬಿಡಬೇಕು.

ಇವೆಲ್ಲಕ್ಕಿಂತ ಒಳ್ಳೆಯ ವಿಧಾನಕ್ಕೆ ಹೊಸ ಸಾಮಾನೇನೂ ಬೇಡ. ಪೆಡಲ್ ಇಲ್ಲದ ಬ್ಯಾಲೆನ್ಸ್ ಬೈಕುಗಳು ಈಗ ಮಾರಾಟಕ್ಕಿವೆ, ಎರಡೂವರೆ-ಮೂರು ವರ್ಷದ ಮಗುವಿಗೆ ಅವು ಚೆನ್ನಾಗಿಯೇ ಇವೆ. ಆದರೆ ಮನೆಯಲ್ಲಿರುವ ಸೈಕಲ್ಲಿನಿಂದಲೇ ಅದು ಸಾಧ್ಯ. ಸೈಡ್ ವೀಲ್ ಬಿಚ್ಚಬೇಕು, ಎರಡೂ ಪೆಡಲ್ ಕಳಚಬೇಕು, ಸೀಟನ್ನು ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಇಳಿಸಬೇಕು. ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ, ಅದನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಸ್ಪಾನರ್ ಹಾಕಿ ಇನ್ನಷ್ಟು ಬಿಗಿಮಾಡಿಬಿಡುವವರು ಬಹಳ ಮಂದಿ. ಸೈಕಲ್ ಹೀಗೆ ತಯಾರಾದ ಮೇಲೆ ಮಗು ಅದರ ಮೇಲೆ ಕೂತು ನಡೆಯುತ್ತದೆ, ಆಮೇಲೆ ದೊಡ್ಡ ಹೆಜ್ಜೆ ಹಾಕುತ್ತದೆ, ತಾನಾಗಿಯೇ ಕಾಲೆತ್ತಿ ತೇಲುತ್ತದೆ. ಒಳಪೆಡಲಿನವರು ನೆಲ ಒದ್ದು ಕಲಿತದ್ದೇ ಇದು, ಅಪಾಯಗಳನ್ನು ಕಳೆದ ರೂಪದಲ್ಲಿ. ಚರಿತ್ರೆಯೂ ಇದೇ ಕ್ರಮದಲ್ಲಿ ಸಾಗಿದೆ. ಜರ್ಮನಿಯ ಕಾರ್ಲ್ ಡ್ರೈಸ್ 1817ರ ಜೂನ್ 12ರಂದು ಮಾನ್‌ಹೈಮ್‌ನಿಂದ ಓಡಿಸಿದ ಎರಡು ಚಕ್ರದ ಗಾಡಿಗೆ ಪೆಡಲ್ ಇರಲಿಲ್ಲ, ಅವನು ಕಾಲಿನಿಂದ ನೆಲ ತಳ್ಳುತ್ತಲೇ ಹೋದ. ಪೆಡಲ್ ಬಂದದ್ದು 1860ರ ದಶಕದಲ್ಲಿ, ಪ್ಯಾರಿಸಿನಲ್ಲಿ.

ಇಲ್ಲಿ ಮಂಗಳೂರಿನ ನೆಲ ಶತ್ರುವಾಗುವ ಬದಲು ಸಹಾಯಕ್ಕೆ ಬರುತ್ತದೆ. ಮಗು ತೇಲುವುದಕ್ಕೆ ಅತಿ ಮೆಲ್ಲನೆಯ ಇಳಿಜಾರು ಬೇಕು. ಚೆಂಡನ್ನು ಇಟ್ಟರೆ ನಿಧಾನಕ್ಕೆ ಉರುಳಿ, ಕೆಳಗೆ ಸಮತಟ್ಟಿನಲ್ಲಿ ತಾನಾಗಿ ನಿಲ್ಲುವಂಥದ್ದು. ಬಯಲುಸೀಮೆಯವರು ಇಂಥದ್ದನ್ನು ಹುಡುಕಬೇಕು, ಇಲ್ಲಿ ಅದು ಪ್ರತಿ ಬಡಾವಣೆಯಲ್ಲೂ ಇದೆ. ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವಂಥ ರಸ್ತೆ ಇದಕ್ಕಲ್ಲ. ನೆಹರೂ ಮೈದಾನ, ಉರ್ವ ಮೈದಾನ ಬೆಳಗಿನ ಹೊತ್ತು ಅನುಕೂಲ. ಸಂಜೆಯಾದರೆ ಕ್ರಿಕೆಟ್, ಫುಟ್‌ಬಾಲ್ ಆಡುವವರದ್ದೇ ರಾಜ್ಯ. ಬೋಳು ಪದವಿನ ಮುರಕಲ್ಲು ನೆಲ ವಿಶಾಲವಾಗಿದ್ದರೂ ಅದರ ಹರಳು ಕಾಲನ್ನು ಕೆತ್ತಿಬಿಡುತ್ತದೆ. ಪಣಂಬೂರು, ತಣ್ಣೀರುಬಾವಿ ಕಡಲತೀರದ ಒಣ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ, ನೀರಂಚಿನ ಒದ್ದೆ ಮರಳು ಗಟ್ಟಿಯಾಗಿದ್ದರೂ ಉಪ್ಪು ಚೈನಿಗೆ ತುಕ್ಕು ಹಿಡಿಸುತ್ತದೆ. ಪಾರ್ಕಿಂಗಿನ ನುಣುಪು ಟೈಲ್ಸ್ ಮೇಲೆ ಕಾರಿನಿಂದ ತೊಟ್ಟಿಕ್ಕಿದ ನೀರಿದ್ದರೆ ಜಾರುವುದು ಖಂಡಿತ. ಹುಲ್ಲಿರುವ ಗಟ್ಟಿ ಮಣ್ಣಿನ ಅಂಗಳ ಸಿಕ್ಕಿದವರು ಭಾಗ್ಯವಂತರು.

ಬ್ರೇಕಿನ ಪಾಠ ಮೊದಲ ದಿನವೇ, ಸೈಕಲ್ ಪಕ್ಕದಲ್ಲಿ ನಡೆಯುತ್ತಲೇ ಶುರುವಾಗಬೇಕು. ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಹೋಗುವುದು, "ನಿಲ್ಲು" ಎಂದಾಗ ಎರಡೂ ಬ್ರೇಕನ್ನು ಮೆಲ್ಲಗೆ ಒತ್ತುವುದು. ಮಗುವಿನ ಬೆರಳಿಗೆ ಬ್ರೇಕಿನ ಹಿಡಿ ಎಟುಕುತ್ತದೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ಬಹಳ ಸೈಕಲ್ಲುಗಳಲ್ಲಿ ಎಟುಕುವುದಿಲ್ಲ, ಎಟುಕಿದರೂ ತಂತಿ ಬಿಗಿಯಾಗಿರುತ್ತದೆ. ಅಂಗಡಿಯಲ್ಲಿ ಐದು ನಿಮಿಷದಲ್ಲಿ ಸರಿಮಾಡಿಸಬಹುದಾದ ಕೆಲಸ ಇದು. ಯಾವ ಕೈಯ ಬ್ರೇಕ್ ಯಾವ ಚಕ್ರಕ್ಕೆ ಎಂಬುದನ್ನು ಚಕ್ರ ಎತ್ತಿ ತಿರುಗಿಸಿ ಮಗುವಿಗೇ ತೋರಿಸಬೇಕು. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಮಾತ್ರ ಗಬಕ್ಕನೆ ಹಿಡಿದರೆ ಮಗು ಹ್ಯಾಂಡಲ್ ದಾಟಿ ಬೀಳುತ್ತದೆ. ಹತ್ತು ಸಲ ತೇಲಿ, ಹತ್ತು ಸಲವೂ ಗೆರೆ ಎಳೆದ ಜಾಗದಲ್ಲಿ ನಿಲ್ಲಲು ಬಂದ ಮೇಲೆ ಪೆಡಲ್ ಹಾಕಿಕೊಡಬಹುದು. ಆ ಹೊತ್ತಿಗೆ ಪೆಡಲ್ ಕಲಿಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಸೈಕಲ್ಲಿನ ಅಳತೆಯ ವಿಷಯದಲ್ಲಿ ಇಲ್ಲಿನ ರೂಢಿ ಬದಲಾಗಲೇಬೇಕು. "ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ" ಎಂದು ಸಮವಸ್ತ್ರ ಹೊಲಿಸುವಂತೆ ಸೈಕಲ್ ಕೊಳ್ಳುತ್ತಾರೆ. ಐದು ವರ್ಷದ ಮಗುವಿನ ತೂಕ ಹದಿನೆಂಟು ಕಿಲೋ ಆಸುಪಾಸು, ಹದಿನಾರು ಇಂಚಿನ ಕಬ್ಬಿಣದ ಸೈಕಲ್ಲಿನದು ಎಂಟರಿಂದ ಹತ್ತು ಕಿಲೋ. ಅರುವತ್ತು ಕಿಲೋದ ಹಿರಿಯರಿಗೆ ಮೂವತ್ತು ಕಿಲೋದ ಸೈಕಲ್ ಕೊಟ್ಟು ಕಲಿಯಿರಿ ಎಂದಂತಾಯಿತು ಇದು. ಅದನ್ನೇ ಇನ್ನೂ ಎರಡು ಅಳತೆ ದೊಡ್ಡದು ಮಾಡಿದರೆ ಮಗು ಕಲಿಯದಿರುವುದಕ್ಕೆ ಮಗುವನ್ನು ದೂರುವಂತಿಲ್ಲ. ಅಣ್ಣನದೋ ಪಕ್ಕದ ಮನೆಯವರದೋ ಹಳೆಯ ಸಣ್ಣ ಸೈಕಲ್ ಕಲಿಕೆಗೆ ಹೊಸ ದೊಡ್ಡ ಸೈಕಲ್ಲಿಗಿಂತ ಎಷ್ಟೋ ಉತ್ತಮ.

ಕಲಿಸುವ ಹೊಣೆ ಪೂರ್ತಿ ಮನೆಯ ಮೇಲೇ ಬಿದ್ದಿರುವುದನ್ನೂ ಇಲ್ಲಿ ಗಮನಿಸಬೇಕು. ಕರ್ನಾಟಕ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ದೂರದ ಶಾಲೆಗೆ ಹೋಗುವ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಅದು ದೊಡ್ಡ ಉಪಕಾರವಾಗಿತ್ತು. ಆದರೆ ಸವಾರಿ ಕಲಿಸುವುದು ಯೋಜನೆಯ ಭಾಗವಾಗಿರಲಿಲ್ಲ. ಇದಕ್ಕೆ ಹೋಲಿಸಬೇಕಾದದ್ದು ತಮಿಳುನಾಡಿನ ಪುದುಕ್ಕೋಟ್ಟೈ. ಅಲ್ಲಿ 1990ರ ದಶಕದ ಆರಂಭದಲ್ಲಿ, ಶೀಲಾ ರಾಣಿ ಚುಂಕತ್ ಜಿಲ್ಲಾಧಿಕಾರಿಯಾಗಿದ್ದಾಗ, ಸಾಕ್ಷರತಾ ಆಂದೋಲನದ ಅಂಗವಾಗಿಯೇ ಹಳ್ಳಿಯ ಸಾವಿರಾರು ಹೆಂಗಸರಿಗೆ ಸೈಕಲ್ ಕಲಿಸಲಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ರಸ್ತೆಯ ಮೇಲೆಯೇ ಸೈಕಲ್ ಪರೀಕ್ಷೆ ನಡೆಯುತ್ತದೆ. ಮಂಗಳೂರಿನ ಶಾಲಾ ಮೈದಾನಗಳು ರಜೆಯಲ್ಲಿ ಖಾಲಿ ಇರುತ್ತವೆ. ಏಪ್ರಿಲ್, ಮೇ ತಿಂಗಳ ಬೆಳಗಿನ ಒಂದು ಗಂಟೆಯನ್ನು ಇದಕ್ಕೆ ಬಿಟ್ಟುಕೊಟ್ಟರೆ ಅಂಗಳವಿಲ್ಲದ ಫ್ಲ್ಯಾಟಿನ ಮಕ್ಕಳಿಗೆ ಕಲಿಯಲು ಜಾಗ ಸಿಕ್ಕಿದಂತಾಗುತ್ತದೆ.

ಅಂಗಳದಲ್ಲಿ ಓಡಿಸಲು ಬಂದ ಮಗುವಿಗೆ ರಸ್ತೆ ಬಂದಂತಲ್ಲ. ಹ್ಯಾಂಡಲ್ ಅಲುಗಿಸದೆ ಹಿಂದೆ ತಿರುಗಿ ನೋಡುವುದು, ಒಂದು ಕೈ ಬಿಟ್ಟು ತಿರುವನ್ನು ತೋರಿಸುವುದು, ಸಿಟಿ ಬಸ್ ಹಾರನ್ ಹೊಡೆದಾಗ ಗಾಬರಿಯಾಗಿ ಚರಂಡಿಯ ಕಡೆಗೆ ಎಳೆಯದಿರುವುದು, ಇವೆಲ್ಲ ಬೇರೆಯೇ ಪಾಠ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಬರುವ ವಾಹನದ ವೇಗವನ್ನು ಅಂದಾಜು ಮಾಡುವುದು ಕಷ್ಟ, ಆದ್ದರಿಂದ ಒಳರಸ್ತೆಯಲ್ಲೂ ಹಿರಿಯರು ಜೊತೆಗಿರಬೇಕು. ಹೆಲ್ಮೆಟ್ಟನ್ನು ಅಂಗಳದ ಮೊದಲ ದಿನದಿಂದಲೇ ಹಾಕಿಸಿದರೆ ರಸ್ತೆಗೆ ಬಂದಾಗ ಜಗಳವಿರುವುದಿಲ್ಲ. ಕಾಲಿಗೆ ಚಪ್ಪಲಿ ಬೇಡ, ಶೂ ಇರಲಿ.

ಜೂನ್ ಬಂತೆಂದರೆ ಕಲಿಕೆ ನಿಲ್ಲುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಅದರ ಬಹುಪಾಲು ಸೆಪ್ಟೆಂಬರಿನೊಳಗೇ ಸುರಿಯುತ್ತದೆ. ರಿಮ್ಮಿಗೆ ಒತ್ತುವ ಬ್ರೇಕ್ ಒದ್ದೆಯಾದಾಗ ಬೇಗ ಹಿಡಿಯುವುದಿಲ್ಲ, ಪಾಚಿ ಕಟ್ಟಿದ ಅಂಗಳದಲ್ಲಿ ಚಕ್ರ ನಿಲ್ಲುವುದಿಲ್ಲ. ಚೈನಿಗೆ ಎಣ್ಣೆ ಬಿಟ್ಟು, ಸೈಕಲ್ಲನ್ನು ಎರಚಲು ಬೀಳದ ಕಡೆ ಇಟ್ಟರೆ ಸಾಕು. ಅಕ್ಟೋಬರಿನಲ್ಲಿ ಮತ್ತೆ ಹೊರತೆಗೆದಾಗ ಟಯರಿಗೆ ಗಾಳಿ ಹಾಕಿಸಿ, ಬ್ರೇಕಿನ ರಬ್ಬರ್ ನೋಡಿ, ಸೀಟನ್ನು ಹೊಸದಾಗಿ ಅಳೆದು ಎತ್ತರಿಸಬೇಕು. ನಾಲ್ಕು ತಿಂಗಳಲ್ಲಿ ಮಗುವಿನ ಕಾಲು ಉದ್ದವಾಗಿರುತ್ತದೆ.