ಪಟ್ಟು, ಪೆಟ್ಟು

ದೇಹಕ್ಕೆ ದೇಹ ತಾಗುವ ಆಟಗಳಲ್ಲಿ ಹೊಡೆದಾಟವುಂಟಾದಾಗಲೆಲ್ಲ ಅದರ ಕಾರಣವನ್ನು ಆಡಿದವರ ರಕ್ತದಲ್ಲಿ ಹುಡುಕುವ ರೂಢಿಯೊಂದಿದೆ. ಸುರಪುರ ಸೀಮೆಯ ವಿಷಯದಲ್ಲಂತೂ ಈ ಉತ್ತರ ನಾಲಗೆಯ ತುದಿಯಲ್ಲೇ ಸಿದ್ಧವಾಗಿರುತ್ತದೆ. 1705ರಲ್ಲಿ ವಾಗಿನಗೇರಾ ಕೋಟೆಯಲ್ಲಿ ನಿಂತು ಔರಂಗಜೇಬನ ಸೈನ್ಯವನ್ನು ತಿಂಗಳುಗಟ್ಟಲೆ ತಡೆದ ಬೇಡರ ಪೀಳಿಗೆ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕನೊಡನೆ ಆಂಗ್ಲರ ಮೇಲೆ ತಿರುಗಿಬಿದ್ದವರ ಸಂತಾನ, ಕಬಡ್ಡಿಯ ಗೆರೆಯ ಬಳಿ ಕೈಮಾಡಿದರೆ ಆಶ್ಚರ್ಯವೇನು ಎಂದು ಯಾದಗಿರಿಯ ಪೇಟೆಯಲ್ಲಿಯೂ ಶಹಾಪುರದ ಚಹಾದಂಗಡಿಗಳಲ್ಲಿಯೂ ಆಡಿಕೊಳ್ಳುವವರುಂಟು. ಹೊಗಳಿಕೆಯ ವೇಷ ಧರಿಸಿದ ಅವಜ್ಞೆ ಇದು. ವಿಚಾರದ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯವೂ ಹೌದು.

ರಗ್ಬಿಯ ಚರಿತ್ರೆಯನ್ನು ಬಲ್ಲವರಿಗೆ ಈ ರಕ್ತವಾದ ನಿಲ್ಲದೆಂಬುದು ತಿಳಿದೀತು. 1863ರಲ್ಲಿ ಕಾಲ್ಚೆಂಡಾಟದ ನಿಯಮಗಳನ್ನು ಒಂದುಗೂಡಿಸಲು ಲಂಡನ್ನಿನಲ್ಲಿ ಸೇರಿದ ಸಂಘದಿಂದ ಬ್ಲ್ಯಾಕ್‌ಹೀತ್ ತಂಡದವರು ಹೊರನಡೆದುದು, ಎದುರಾಳಿಯ ಮುಂಗಾಲಿಗೆ ಬೂಟಿನಿಂದ ಒದೆಯುವ ಹಕ್ಕನ್ನು ಬಿಟ್ಟುಕೊಡಲೊಲ್ಲದೆ. ಅದು ಹೋದರೆ ಆಟದ ಕೆಚ್ಚೇ ಹೋದಂತೆಂದು ವಾದಿಸಿದವರು ಯಾವ ಪಾಳೆಯಗಾರನ ಬಂಟರೂ ಅಲ್ಲ, ಸುಶಿಕ್ಷಿತ ಗೃಹಸ್ಥರು. ಆದರೆ 1871ರಲ್ಲಿ ಸ್ಥಾಪಿತವಾದ ರಗ್ಬಿಯ ಒಕ್ಕೂಟವೇ ಆ ಒದೆತವನ್ನು ನಿಷೇಧಿಸಿತು, ಆಟಕ್ಕೆ ಅದರಿಂದ ಯಾವ ಕೇಡೂ ಆಗಲಿಲ್ಲ. ಶತಮಾನ ಕಳೆದು, 1974ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಬ್ರಿಟಿಷ್ ಲಯನ್ಸ್ ತಂಡ ‘ತೊಂಬತ್ತೊಂಬತ್ತು’ ಎಂಬ ಸಂಕೇತವನ್ನಿಟ್ಟುಕೊಂಡಿತ್ತು: ತಮ್ಮವನೊಬ್ಬನ ಮೇಲೆ ಕೈಯೆತ್ತಿದೊಡನೆ ಈ ಕೂಗು ಏಳುವುದು, ಕೂಡಲೇ ಪ್ರತಿಯೊಬ್ಬನೂ ಹತ್ತಿರದ ಎದುರಾಳಿಯನ್ನು ಹೊಡೆಯುವುದು, ಹದಿನೈದು ಮಂದಿಯನ್ನೂ ತೀರ್ಪುಗಾರ ಹೊರಗಟ್ಟಲಾರನಷ್ಟೆ! ಇಷ್ಟು ಲೆಕ್ಕಾಚಾರದಿಂದ ಹುಟ್ಟಿದ ಹೊಡೆತಕ್ಕೆ ಕುದಿಯುವ ರಕ್ತದ ನೆಪ ಎಲ್ಲಿಯದು?

ಹಾಗಾದರೆ ಮೈಗೆ ಮೈ ತಾಗುವುದೇ ಹಿಂಸೆಯ ಮೂಲವೆ? ಗರಡಿಮನೆಯನ್ನು ಕಂಡವನು ಹೌದೆನ್ನಲಾರ. ಹನುಮಂತನಿಗೆ ಕೈಮುಗಿದು, ಎಣ್ಣೆ ಮಜ್ಜಿಗೆ ಬೆರೆಸಿ ಹದಗೊಳಿಸಿದ ಕೆಮ್ಮಣ್ಣನ್ನು ಹಣೆಗೊತ್ತಿಕೊಂಡು, ಎದುರಾಳಿಯ ಕೈಮುಟ್ಟಿ ಕಣಕ್ಕಿಳಿಯುವ ಪೈಲ್ವಾನನ ಸೆಣಸಾಟ ರಗ್ಬಿಯ ಯಾವ ಹಿಡಿತಕ್ಕಿಂತಲೂ ನಿಕಟವಾದದ್ದು. ತಿರುಚಬಲ್ಲ ಕುತ್ತಿಗೆ, ಮುರಿಯಬಲ್ಲ ಬೆರಳು ಎಲ್ಲವೂ ಕೈಯಳತೆಯಲ್ಲಿಯೇ ಇವೆ. ಆದರೂ ಪಟ್ಟು ಪೆಟ್ಟಾಗುವುದು ವಿರಳ. ಇದೆಲ್ಲ ದೈವಭಕ್ತಿಯ ಮಹಿಮೆಯೆಂದು ಭಾವುಕರು ಹೇಳುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಉಸ್ತಾದನು ವರ್ಷಗಟ್ಟಲೆ ಹುಡುಗನ ಸಾಮು, ಊಟ, ನಿದ್ರೆಗಳನ್ನು ಆಳಿರುತ್ತಾನೆ. ಅವನು ಗದರಿದೊಡನೆ ಹಿಡಿದ ಕೈ ಅಭ್ಯಾಸಬಲದಿಂದಲೇ ಸಡಿಲುತ್ತದೆ. ಮೇಲಾಗಿ, ಇಂದು ಚಿತ್ತಾದವನೊಡನೆಯೇ ನಾಳೆ ಮುಂಜಾನೆ ಅದೇ ಮಣ್ಣನ್ನು ಅಗೆಯಬೇಕು. ಬೆರಳು ಮುರಿದುಕೊಂಡ ಜೊತೆಗಾರನಿಂದ ತಾಲೀಮಿಗೆ ಏನು ಪ್ರಯೋಜನ?

ಅದೇ ಪೈಲ್ವಾನನು ಜಾತ್ರೆಯ ಕುಸ್ತಿಗೆ ಬಂದನೆನ್ನಿ: ಎದುರಾಳಿ ಅಪರಿಚಿತ, ಬೆಳ್ಳಿಯ ಕಡಗ ಕಣ್ಣೆದುರಿಗಿದೆ, ಹಲಗೆಯ ಸದ್ದು ಏರುತ್ತಿದೆ, ಸುತ್ತ ನೆರೆದವರಿಗೋ ಅವನ ಗೆಲುವಿಗಿಂತ ತಮ್ಮೂರಿನ ಮಾನವೇ ಹೆಚ್ಚಿನದು. ಉಸ್ತಾದನ ಮಾತು ಅಖಾಡದ ಅಂಚನ್ನು ದಾಟಿ ಈ ಜನರನ್ನು ಮುಟ್ಟಲಾರದು. ಗರಡಿಯ ಸಂಪ್ರದಾಯದ ದೊಡ್ಡ ಕೊರತೆ ಇದೇ. ಅದರ ಅಭಿಮಾನಿಗಳು ಇದನ್ನು ಮರೆಮಾಚಕೂಡದು. ಜಗಳದಲ್ಲಿ ಮೊದಲ ಕಲ್ಲನ್ನು ತೂರುವವನು ಬಹುಶಃ ಜನ್ಮದಲ್ಲೊಮ್ಮೆಯೂ ಲಂಗೋಟಿ ಕಟ್ಟಿದವನಾಗಿರುವುದಿಲ್ಲ.

ಕಬಡ್ಡಿಯ ಸ್ಥಿತಿ ಇನ್ನೂ ಚಿಂತಾಜನಕ. ಅದಕ್ಕೆ ಉಸ್ತಾದನೂ ಇಲ್ಲ. ನಿಯಮಾವಳಿಯಲ್ಲಿ ದೋಷವಿಲ್ಲ: ದಾಳಿಗೆ ಬಂದವನ ಬಾಯಿ ಮುಚ್ಚಿ ಸೊಲ್ಲಡಗಿಸಕೂಡದು, ಕಾಲುಗಳಿಂದ ಕತ್ತರಿ ಹಾಕಕೂಡದು, ಹಳದಿ ಕಾರ್ಡು ಕಂಡವನು ಎರಡು ನಿಮಿಷ ಹೊರಗಿರತಕ್ಕದ್ದು. 2014ರಿಂದ ಟಿ.ವಿ.ಯಲ್ಲಿ ಪ್ರೊ ಕಬಡ್ಡಿ ನೋಡುತ್ತ ಬೆಳೆದ ನಮ್ಮ ತಾಲೂಕುಗಳ ಹುಡುಗರು ತೊಡೆ ತಟ್ಟುವುದನ್ನೂ, ಬಿದ್ದವನ ಮೇಲೆ ಬಾಗಿ ಕಣ್ಣು ಕೆಕ್ಕರಿಸುವುದನ್ನೂ ಬೇಗನೆ ಕಲಿತರು; ಹಿಡಿತವನ್ನು ಮರಳಿ ಪರಿಶೀಲಿಸುವ ಕ್ಯಾಮೆರಾವಾಗಲಿ ಮೆತ್ತನೆಯ ಮ್ಯಾಟಾಗಲಿ ಅವರ ಬಯಲಿಗೆ ಬರಲಿಲ್ಲ. ತೀರ್ಪುಗಾರನಾದರೋ ಅನೇಕ ವೇಳೆ ಪಂದ್ಯ ಏರ್ಪಡಿಸಿದ ಊರಿನವನೇ, ಬಹುಮಾನದ ಹಣ ಕೊಟ್ಟ ಮುಖಂಡನಿಗೆ ಬೇಕಾದವನೇ. ಅಂಥವನು ಮೊದಲ ತಪ್ಪಿಗೆ ಸೀಟಿ ಊದದಿದ್ದರೆ ಎರಡನೆಯದನ್ನು ಆಟಗಾರರೇ ವಿಚಾರಿಸಿಕೊಳ್ಳುತ್ತಾರೆ. ಲಯನ್ಸ್ ತಂಡದ ಸಂಕೇತದ ಹಿಂದೆಯೂ ತೀರ್ಪಿನ ಮೇಲಿನ ಇಂಥದೇ ಅಪನಂಬಿಕೆಯಿತ್ತು.

ಆದುದರಿಂದ ಹುಡುಗರಿಗೆ ಸಂಯಮದ ಉಪದೇಶ ಮಾಡುವುದಕ್ಕೆ ಮುಂಚೆ ಸೀಟಿಯನ್ನು ಯಾರ ಕೈಗೆ ಕೊಡಬೇಕೆಂಬುದನ್ನು ಸಂಘಟಕರು ಯೋಚಿಸುವುದು ಲೇಸು. ಯಾದಗಿರಿಗೂ ಶಹಾಪುರಕ್ಕೂ ಪಂದ್ಯವಾದರೆ ಸುರಪುರದವನು ನಿಲ್ಲಲಿ, ಮುಖಂಡನ ಕುರ್ಚಿಯನ್ನು ಅಂಕಣದ ಗೆರೆಯಿಂದ ಹತ್ತು ಮಾರು ಹಿಂದೆ ಹಾಕಲಿ. ಸೋತವರು ಆಗಲೂ ಸುರಪುರದವನನ್ನು ಬಯ್ಯದೆ ಬಿಡರು, ಅದು ಬೇರೆಯ ಮಾತು.