ಮರಸಿಗೆ ಕೂತವನ ಗಾಳಿ ಲೆಕ್ಕ

ಎಕ್ಕದ ಕಾಯಿ ಒಣಗಿ ಬಿರಿದಾಗ ಹಾರುವ ಬಿಳಿ ಹತ್ತಿ ಗೊತ್ತಲ್ಲ, ಚಿಕ್ಕವರಿದ್ದಾಗ ಅಜ್ಜನ ಗಡ್ಡ ಎಂದು ಊದಿಕೊಂಡು ಓಡುತ್ತಿದ್ದೆವಲ್ಲ, ಅದೇ ಕುಟುಂಬದ ಗಿಡವೊಂದು ಮಿಷಿಗನ್‌ನ ರಸ್ತೆ ಬದಿಯಲ್ಲೆಲ್ಲ ಬೆಳೆಯುತ್ತದೆ. ಇಲ್ಲಿಯವರು ಮಿಲ್ಕ್‌ವೀಡ್ ಎನ್ನುತ್ತಾರೆ. ಅಕ್ಟೋಬರ್‌ನಲ್ಲಿ ಅದರ ನಾಲ್ಕು ಕಾಯಿ ಕಿತ್ತು, ಹತ್ತಿ ಬಿಡಿಸಿ, ಹಳೆಯ ಮಾತ್ರೆ ಡಬ್ಬಿಗೆ ತುಂಬಿಟ್ಟುಕೊಳ್ಳುತ್ತೇನೆ. ಜಿಂಕೆ ಶಿಕಾರಿಗೆ ನನ್ನ ಮೊದಲ ಸಲಕರಣೆ ಇದು. ಕೋವಿ ಎರಡನೆಯದು.

ಕೂತ ಜಾಗದಿಂದ ಒಂದು ಎಳೆ ಬಿಟ್ಟು ನೋಡಬೇಕು. ಮೊದಲು ಸಂಭಾವಿತನ ಹಾಗೆ ನೆಟ್ಟಗೆ ಹೋಗುತ್ತದೆ. ಹತ್ತು ಮಾರು ದಾಟಿದ ಮೇಲೆ ಅದರ ಬುದ್ಧಿ ಶುರು: ದಿಣ್ಣೆಯ ಓರೆ ಹಿಡಿದು ಇಳಿಯುತ್ತದೆ, ಹೆಮ್ಲಾಕ್ ಮರಗಳ ಗುಂಪಿನ ಬಳಿ ಒಂದು ಸುತ್ತು ಹಾಕುತ್ತದೆ, ಇನ್ನೇನು ಹೊರಟಿತು ಅನ್ನುವಾಗ ಹಿಂದಕ್ಕೆ ತಿರುಗಿ ಜೌಗಿನ ಕಡೆ ತೇಲುತ್ತದೆ. ನನ್ನ ಮೈವಾಸನೆಯೂ ಅದೇ ದಾರಿ ಹಿಡಿದಿದೆ ಎಂದು ಲೆಕ್ಕ. ಅಂಗಡಿಯಲ್ಲಿ ಇದಕ್ಕೆಂದೇ ಪುಡಿ ಚಿಮ್ಮುವ ಬಾಟಲಿ ಮಾರುತ್ತಾರೆ. ಅದು ಮೂಗಿನ ಮುಂದಿನ ಗಾಳಿಯನ್ನು ಹೇಳೀತು, ನೂರು ಗಜದಾಚೆ ಗಾಳಿ ಏನು ಮಾಡುತ್ತಿದೆ ಎಂದು ಹೇಳಲಾರದು. ಜಿಂಕೆ ನಿಂತಿರುವುದು ನೂರು ಗಜದಾಚೆ.

ಜಿಂಕೆ ಎಂದರೆ ನಮ್ಮ ಚುಕ್ಕಿ ಜಿಂಕೆ ಅಲ್ಲ. ಇದು ಬಿಳಿಬಾಲದ ಜಿಂಕೆ. ಬೆದರಿ ಓಡುವಾಗ ಬಾಲ ನೆಟ್ಟಗೆ ಎತ್ತಿ, ಅಡಿಯ ಬಿಳುಪನ್ನು ಬಾವುಟದ ಹಾಗೆ ಬೀಸುತ್ತ ಹೋಗುತ್ತದೆ. ಶಿಕಾರಿಯವನು ಅದರ ಮುಖಕ್ಕಿಂತ ಆ ಬಾವುಟವನ್ನೇ ಹೆಚ್ಚು ಸಲ ನೋಡಿರುತ್ತಾನೆ.

ನಾನು ಹೋಗುವ ಕ್ಯಾಂಪು ಇರುವುದು ಮಿಷಿಗನ್‌ನ ಅಪ್ಪರ್ ಪೆನಿನ್ಸುಲಾದ ಐರನ್ ಕೌಂಟಿಯಲ್ಲಿ. ಇಲ್ಲಿಯ ಜನ ಚಿಕ್ಕದಾಗಿ ಯು.ಪಿ. ಎನ್ನುತ್ತಾರೆ, ಊರಿಗೆ ಫೋನು ಮಾಡಿ ಯು.ಪಿ.ಗೆ ಶಿಕಾರಿಗೆ ಹೊರಟೆ ಎಂದಾಗ ಅಕ್ಕ ಗಾಬರಿಯಾಗಿದ್ದಳು. ಡೆಟ್ರಾಯಿಟ್ ಕಡೆಯಿಂದ ಸುಮಾರು 800 ಕಿಲೋಮೀಟರ್. ನಡುವೆ ಮ್ಯಾಕಿನಾ ಸೇತುವೆ, ಎಂಟು ಕಿಲೋಮೀಟರ್ ಉದ್ದ. 1957ರ ನವೆಂಬರ್‌ನಲ್ಲಿ ಅದು ತೆರೆಯುವ ತನಕ ಕಾರುಗಳನ್ನು ಫೆರ್ರಿಯಲ್ಲಿ ದಾಟಿಸಬೇಕಿತ್ತು. ಶಿಕಾರಿ ಕಾಲದಲ್ಲಿ ದಡದ ಕಾರು ಸಾಲು ಮೈಲಿಗಟ್ಟಲೆ ಬೆಳೆಯುತ್ತಿತ್ತಂತೆ. ಈಗಲೂ ನವೆಂಬರ್ 14ರಂದು ಸೇತುವೆ ಮೇಲೆ ಕಾಣುವುದು ಕಿತ್ತಳೆ ಟೋಪಿಗಳೇ. ಕೋವಿ ಶಿಕಾರಿ 15ಕ್ಕೆ ಶುರು, 30ಕ್ಕೆ ಮುಕ್ತಾಯ. ಯಾವ ವಾರ ಬಂದರೂ ದಿನ ಬದಲಾಗುವುದಿಲ್ಲ. 1920ರ ದಶಕದಿಂದ ನಡೆದು ಬಂದ ಪದ್ಧತಿ. 15ರಂದು ಇಲ್ಲಿಯ ಎಷ್ಟೋ ಶಾಲೆಗಳಿಗೆ ರಜೆ. ನಮ್ಮಲ್ಲಿ ಗೌರಿಹಬ್ಬಕ್ಕೆ ಕೊಟ್ಟ ಹಾಗೆ.

ಐರನ್ ಕೌಂಟಿ ತಲುಪಿದ ಕೂಡಲೇ ಗಡಿಯಾರ ಒಂದು ಗಂಟೆ ಹಿಂದಿಡಬೇಕು. ವಿಸ್ಕಾನ್ಸಿನ್‌ಗೆ ತಾಗಿದ ನಾಲ್ಕು ಕೌಂಟಿಗಳು ರಾಜ್ಯದ ಉಳಿದ ಭಾಗದ ಸಮಯ ಪಾಲಿಸುವುದಿಲ್ಲ. ಮೊದಲ ವರ್ಷ ನನಗೆ ಇದು ತಿಳಿಯದೆ, ಬೆಳಗಿನ ಜಾವ ಮೂರಕ್ಕೆ ಎದ್ದು ಕಾಫಿ ಕಾಯಿಸಿ ಎಲ್ಲರಿಂದ ಬೈಸಿಕೊಂಡೆ.

ಕ್ಯಾಂಪು ಅಂದರೆ ಬಂಗಲೆ ಅಂದುಕೊಳ್ಳಬೇಡಿ. ಪ್ಲೈವುಡ್ ಗೋಡೆ, ಅದರ ಮೇಲೆ ಟಾರು ಕಾಗದ, ಎರಡು ಕೋಣೆ. ಆರು ಮಂದಿಗೆ ಅಟ್ಟದ ಹಾಗೆ ಮೇಲೊಂದು ಕೆಳಗೊಂದು ಮಂಚ. ನಡುವೆ ಎಣ್ಣೆ ಪೀಪಾಯಿ ಕೊಯ್ದು ಮಾಡಿದ ಸೌದೆ ಒಲೆ. ಮೇಲಿನ ಮಂಚದವನು ಬೆವರುತ್ತಾನೆ, ಕೆಳಗಿನವನು ನಡುಗುತ್ತಾನೆ, ರಾತ್ರಿ ಎರಡಕ್ಕೆ ಎದ್ದು ಸೌದೆ ಹಾಕುವವನೇ ದೇವರು. ಕರೆಂಟಿಲ್ಲ, ಗ್ಯಾಸ್ ದೀಪ. ನೀರಿಗೆ ಕೈಪಂಪು. ಪಾಯಿಖಾನೆ ನಲವತ್ತು ಹೆಜ್ಜೆ ದೂರ, ಮೈನಸ್ ಹನ್ನೆರಡು ಡಿಗ್ರಿಯಲ್ಲಿ ಅದು ನಾನೂರು ಹೆಜ್ಜೆ. ಇಲಿಗಳ ಉಪದ್ರವ ಬೇರೆ. ಗಣಿ ಕೆಲಸಕ್ಕೆ ಬಂದ ಫಿನ್‌ಲ್ಯಾಂಡಿನವರು ಈ ಸೀಮೆಗೆ ಸೌನಾ ಎಂಬ ಬಿಸಿಹಬೆಯ ಸ್ನಾನದ ಕೋಣೆ ತಂದರು. ಹಾಗಾಗಿ ಇಂಥ ದರಿದ್ರ ಗುಡಿಸಲಿಗೂ ಹಿಂದೊಂದು ಸೌನಾ ಇದ್ದೇ ಇರುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಾರರು ತಂದದ್ದು ಪ್ಯಾಸ್ಟಿ. ನಮ್ಮ ಕರ್ಜಿಕಾಯಿಯನ್ನು ಅಂಗೈಗಿಂತ ದೊಡ್ಡದಾಗಿ ಮಾಡಿ, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ, ರುಟಬೇಗ ಎಂಬ ಗಡ್ಡೆ ತುಂಬಿ ಬೇಯಿಸಿದ ಹಾಗೆ. ಅದರ ಮೇಲೆ ಕೆಚಪ್ಪೋ ಗ್ರೇವಿಯೋ ಎಂಬ ಜಗಳ ಪ್ರತಿ ವರ್ಷ ಹೊಸದಾಗಿ ನಡೆಯುತ್ತದೆ. ನಾನು ಒಯ್ಯುವ ಉಪ್ಪಿನಕಾಯಿ ಬಾಟಲಿ ಆ ಜಗಳವನ್ನು ಎರಡು ದಿನ ಮುಂದೂಡಿದೆ.

ಇನ್ನು ಶಿಕಾರಿಯ ಮಾತು.

ಮಲೆನಾಡಿನಲ್ಲಿ ಹಿರಿಯರು ಎರಡು ಬಗೆ ಹೇಳುತ್ತಿದ್ದರು. ಹಳು ನುಗ್ಗಿಸಿ ಮಿಗವನ್ನು ಸೋವುವುದು, ಕೋವಿಯವರು ದಾರಿಯಲ್ಲಿ ಬಿಲ್ಲಿಗೆ ನಿಲ್ಲುವುದು ಒಂದು. ಹಣ್ಣಿನ ಮರವೋ ನೀರಿನ ಕಂಡಿಯೋ ನೋಡಿಕೊಂಡು ಒಬ್ಬನೇ ಮರಸಿಗೆ ಕೂರುವುದು ಇನ್ನೊಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಎರಡಕ್ಕೂ ತೆರೆ ಬಿತ್ತು. ಬಿದ್ದದ್ದು ಒಳ್ಳೆಯದೇ; ಅಷ್ಟು ಹೊತ್ತಿಗೆ ಕಾಡಿನಲ್ಲಿ ಏನು ಉಳಿದಿತ್ತು ಎಂಬುದನ್ನು ಅಜ್ಜನೇ ಒಪ್ಪುತ್ತಿದ್ದ. ಈ ಎರಡು ಬಗೆಯೂ ಮಿಷಿಗನ್‌ನಲ್ಲಿ ಇವೆ, ಹೆಸರು ಮಾತ್ರ ಬೇರೆ. ಸೋವುವುದು ನನಗೆ ಸೇರದು. ಓಡುವ ಪ್ರಾಣಿಗೆ ಹೊಡೆದ ಈಡು ಎಲ್ಲಿಗೆ ತಾಗೀತು ಎಂದು ಹೊಡೆದವನಿಗೂ ಗೊತ್ತಿರುವುದಿಲ್ಲ, ಆಚೆ ಕಡೆಯಿಂದ ಮನುಷ್ಯರು ಬೇರೆ ನಡೆದು ಬರುತ್ತಿರುತ್ತಾರೆ. ವರ್ಮಾಂಟ್‌ನ ಲ್ಯಾರಿ ಬೆನ್ವಾ ಹಾಗೆ ಹಿಮದಲ್ಲಿ ಒಂದೇ ಹೆಜ್ಜೆ ಗುರುತು ಹಿಡಿದು ದಿನವಿಡೀ ಬೆನ್ನಟ್ಟುವವರೂ ಇದ್ದಾರೆ. ಅದಕ್ಕೆ ಬೇರೆಯೇ ಕಾಲು, ಬೇರೆಯೇ ಹಠ ಬೇಕು. ನನ್ನದು ಮರಸು.

ಜಾಗ ಆರಿಸುವಾಗ ಮೊದಲು ನೋಡಬೇಕಾದದ್ದು ಜಿಂಕೆಗೆ ಬೇರೆ ದಾರಿ ಇಲ್ಲದ ಕಡೆ. ಸೀಡರ್ ಜೌಗು, ಅದರ ಪಕ್ಕ ಮೇಪಲ್ ದಿಣ್ಣೆ, ನಡುವೆ ಬೀವರ್ ಎಂಬ ಪ್ರಾಣಿ ಕಟ್ಟಿದ ಒಡ್ಡು. ಕಾಲು ಒದ್ದೆಯಾಗದೆ ದಾಟಲು ಜಿಂಕೆಗೂ ಆ ಒಡ್ಡೇ ಸೇತುವೆ. ನವೆಂಬರ್ ನಡುವಿಗೆ ಬೆದೆಯ ಕಾಲ. ಗಂಡು ಕೊಂಬು ತಿಕ್ಕಿ ತೊಗಟೆ ಸುಲಿದ ಎಳೆಮರ, ಗೊರಸಿನಿಂದ ಎಲೆ ಕೆರೆದು ಮೂತ್ರ ಹೊಯ್ದ ನೆಲ, ಅದರ ನೇರ ಮೇಲೆ ಕಚ್ಚಿ ನೆಕ್ಕಿದ ಕೊಂಬೆ, ಈ ಮೂರೂ ಒಂದೇ ಸಾಲಿನಲ್ಲಿ ಕಂಡರೆ ಅದು ಅವನ ಗಸ್ತಿನ ದಾರಿ. ಆ ದಾರಿಯ ಮೇಲೆಯೇ ಕೂರುವವನು ಹೊಸಬ. ಗಾಳಿ ದಾರಿಯಿಂದ ನಮ್ಮ ಕಡೆ ಬೀಸುವ ಹಾಗೆ ಅರವತ್ತು ಎಪ್ಪತ್ತು ಗಜ ಪಕ್ಕಕ್ಕೆ ಸರಿಯಬೇಕು. ಅಲ್ಲಿಗೆ ನಡೆದು ಹೋಗುವ ದಾರಿಗೂ ಇದೇ ನಿಯಮ, ಇದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಗಾಳಿಯೂ ಹೊತ್ತಿಗೊಂದು ಬಗೆ. ಬೆಳಗಿನ ಜಾವ ತಣ್ಣನೆ ಗಾಳಿ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಬಿಸಿಲು ಬಿದ್ದು ದಿಣ್ಣೆ ಕಾದ ಮೇಲೆ ಅದೇ ಗಾಳಿ ಮೇಲೇರುತ್ತದೆ. ಆರೂವರೆಗೆ ಚಿನ್ನದಂಥ ಜಾಗ ಒಂಬತ್ತಕ್ಕೆ ಕೆಟ್ಟಿರುತ್ತದೆ. ಹೋದ ವರ್ಷ ಹೀಗೇ ಆಯಿತು. ಒಡ್ಡಿನ ಮೇಲೆ ಎರಡು ಹೆಣ್ಣು ಬಂದವು. ಮುಂದಿನದು ತಲೆ ತಗ್ಗಿಸಿ ಮೇಯುವ ನಾಟಕ ಮಾಡಿ ಥಟ್ಟನೆ ತಲೆ ಎತ್ತಿತು. ನಾನು ಅಲುಗಿದ್ದೆನೋ ಎಂದು ಪರೀಕ್ಷೆ. ಅಲುಗಿರಲಿಲ್ಲ. ಆಗ ಬಿಸಿಲು ಬಿತ್ತು. ಕೈಯಲ್ಲಿದ್ದ ಎಳೆ ಬಿಟ್ಟೆ. ಅದು ಒಂದು ಕ್ಷಣ ನಿಂತು, ಸಾವಕಾಶವಾಗಿ ಒಡ್ಡಿನ ಕಡೆ ಹೊರಟಿತು. ನೋಡುತ್ತ ಕೂತೆ. ಎಳೆ ತಲುಪುವ ಮೊದಲೇ ವಾಸನೆ ತಲುಪಿತ್ತು. ಹೆಣ್ಣು ಮುಂಗಾಲು ಎತ್ತಿ ನೆಲಕ್ಕೆ ಕುಟ್ಟಿತು, ಮತ್ತೊಮ್ಮೆ ಕುಟ್ಟಿತು, ಟಯರಿನ ಗಾಳಿ ಬಿಟ್ಟ ಹಾಗೆ ಫುಸ್ಸೆಂದಿತು. ಎರಡು ಬಿಳಿ ಬಾವುಟ. ಹಿಂದೆ ಸೀಡರ್ ಮರೆಯಲ್ಲಿ ಮೂರನೆಯದೊಂದು ಭಾರವಾಗಿ ಓಡಿದ ಸದ್ದು. ಅದನ್ನು ನಾನು ನೋಡಲೇ ಇಲ್ಲ.

ಬಟ್ಟೆಯ ವಿಚಾರಕ್ಕೆ ಜನ ಕೊಡುವ ದುಡ್ಡು ನೋಡಿದರೆ ನಗು ಬರುತ್ತದೆ. ಕಿತ್ತಳೆ ಬಣ್ಣ ತೊಡಲೇಬೇಕೆಂದು ಕಾನೂನು ಹೇಳುತ್ತದೆ, ಇನ್ನೊಬ್ಬ ಶಿಕಾರಿಯ ಕಣ್ಣಿಗೆ ಬೀಳಲಿ ಎಂದು. ಜಿಂಕೆಯ ಕಣ್ಣಿಗೆ ಕಿತ್ತಳೆ ಹಾಗೆ ಹೊಳೆಯುವುದಿಲ್ಲ. ಅದಕ್ಕೆ ಚೆನ್ನಾಗಿ ಕಾಣುವುದು ನೀಲಿ. ಆದರೂ ಎಲೆ ಚಿತ್ತಾರದ ದುಬಾರಿ ಕೋಟಿನ ಕೆಳಗೆ ನೀಲಿ ಜೀನ್ಸ್ ತೊಟ್ಟವರನ್ನು ಪ್ರತಿ ವರ್ಷ ನೋಡುತ್ತೇನೆ.

ಹೊತ್ತಿನ ಬಗ್ಗೆ ಒಂದೇ ಮಾತು: ಮಧ್ಯಾಹ್ನದ ತನಕ ಏಳಬೇಡಿ. ಹತ್ತೂವರೆಗೆ ಚಳಿ ತಡೆಯಲಾರದೆ ಉಳಿದ ಕ್ಯಾಂಪುಗಳವರು ಊಟಕ್ಕೆ ಎದ್ದು ಹೊರಡುತ್ತಾರೆ. ಅವರೇ ನಮಗೆ ಬಿಟ್ಟಿ ಹಳುವಿನವರು. ನನ್ನ ಐದು ಜಿಂಕೆಗಳಲ್ಲಿ ಮೂರು ಬಿದ್ದದ್ದು ಹನ್ನೊಂದರಿಂದ ಒಂದರ ಒಳಗೆ.

ಕೋವಿ ನನ್ನದು ವಿಂಚೆಸ್ಟರ್ 94, ಥರ್ಟಿ-ಥರ್ಟಿ ತೋಟೆ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿ 1894ರಲ್ಲಿ ಬಂದ ಮಾದರಿ. ಇಲ್ಲಿಯ ದಟ್ಟ ಕಾಡಿನಲ್ಲಿ ನೂರು ಗಜಕ್ಕಿಂತ ದೂರದ ಈಡು ಅಪರೂಪ, ಅಷ್ಟಕ್ಕೆ ಇದು ಸಾಕು. ಗುರಿ ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ. ಈಡಾದ ಮೇಲೆ ಓಡಿ ಹೋಗಬಾರದು. ಕ್ಯಾಂಪಿನ ಯಜಮಾನ, ಎಂಬತ್ತು ದಾಟಿದ ಮುದುಕ, ನನಗೆ ಹೇಳಿದ್ದು ಇಷ್ಟೇ: “ಫ್ಲಾಸ್ಕ್ ಬಿಚ್ಚು, ಕಾಫಿ ಬಗ್ಗಿಸಿಕೋ, ಕುಡಿದು ಮುಗಿಸು, ಆಮೇಲೆ ಏಳು.” ಅರ್ಧ ಗಂಟೆ ಹಿಡಿಯುತ್ತದೆ. ರಕ್ತ ಗುಲಾಬಿ ಬಣ್ಣದ್ದಾಗಿ ನೊರೆಯಿದ್ದರೆ ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪಾದರೆ ಈಲಿಗೆ ತಾಗಿದೆ, ಇನ್ನೂ ಕಾಯಬೇಕು. ಹಸಿರು ಕಲಸಿದ್ದರೆ ಹೊಟ್ಟೆಗೆ ತಾಗಿದೆ. ಸದ್ದಿಲ್ಲದೆ ವಾಪಸು ಬಂದು ಆರೆಂಟು ಗಂಟೆ ಬಿಟ್ಟು ಹೋಗಬೇಕು. ಅವಸರ ಮಾಡಿದರೆ ಮಲಗಿದ್ದ ಪ್ರಾಣಿ ಎದ್ದು ಜೌಗು ಸೇರುತ್ತದೆ, ಮತ್ತೆ ಸಿಗುವುದಿಲ್ಲ.

ಗುರಿ ತಪ್ಪಿದವನಿಗೂ ಒಂದು ಶಾಸ್ತ್ರವಿದೆ. ಅಂಗಿಯ ಹಿಂದಿನ ತುದಿ ಕತ್ತರಿಸಿ, ಹೆಸರು ತಾರೀಖು ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಮೂರನೇ ವರ್ಷ ನಲವತ್ತು ಗಜದಲ್ಲಿ ಎಂಟು ಕವಲಿನ ಗಂಡು ನಿಂತಿತ್ತು. ನಾನು ಕೊಂಬು ಎಣಿಸುತ್ತ ಕುದುರೆ ಎಳೆದೆ. ತೀರ್ಥಹಳ್ಳಿಯ ದರ್ಜಿ ಹೊಲಿದುಕೊಟ್ಟ ಚೌಕಳಿ ಅಂಗಿಯ ತುಂಡು ಈಗಲೂ ಅಲ್ಲಿದೆ, ಮುದುಕನ 1961ರ ತುಂಡಿನ ಪಕ್ಕದಲ್ಲೇ.

ಜಿಂಕೆ ಸಿಕ್ಕಿದ ರಾತ್ರಿ ಮೊದಲು ಈಲಿ, ಈರುಳ್ಳಿ ಜೊತೆ. ಬೆನ್ನಿನ ಇಕ್ಕೆಲದ ಮಾಂಸ ಮಾರನೇ ದಿನಕ್ಕೆ. ಜಿಂಕೆಯ ಕೊಬ್ಬು ಬಾಯಿಗೆ ಮೇಣದ ಹಾಗೆ ಅಂಟುತ್ತದೆ, ಒಂದು ಚೂರೂ ಬಿಡದೆ ತೆಗೆಯಬೇಕು. ತೆಳುಮಾಂಸ, ಹೆಚ್ಚು ಬೆಂದರೆ ಚಪ್ಪಲಿ. ತೊಡೆಯ ಮಾಂಸ ನನ್ನ ಪಾಲು: ಕಾಳುಮೆಣಸು, ಕೊತ್ತಂಬರಿ, ಹುರಿದ ತೆಂಗಿನಕಾಯಿ ಹಾಕಿ ಗಟ್ಟಿ ಸಾರು, ಜೊತೆಗೆ ಕ್ಯಾಂಪಿನ ಇಡ್ಲಿ ತಟ್ಟೆಯಲ್ಲಿ ಬೇಯಿಸಿದ ಕಡುಬು. ಇಡ್ಲಿ ತಟ್ಟೆಯನ್ನು ಕ್ಯಾಂಪಿಗೆ ಒಯ್ದವನು ನಾನು. ಈಗ ಅದು ಅವರದೇ ಆಗಿಬಿಟ್ಟಿದೆ.

ಈ ಮಾಂಸ ಮಾರುವಂತಿಲ್ಲ. ಹಿಂದೆ ಮಾರುತ್ತಿದ್ದರು, ಹತ್ತೊಂಬತ್ತನೇ ಶತಮಾನದ ಕೊನೆಗೆ ರೈಲಿನಲ್ಲಿ ತುಂಬಿ ಪಟ್ಟಣಗಳಿಗೆ ಕಳಿಸಿ ಇಡೀ ದೇಶದ ಬಿಳಿಬಾಲವನ್ನು ಕೆಲವೇ ಲಕ್ಷಕ್ಕೆ ಇಳಿಸಿದರು. ಈಗ ಸುಮಾರು ಮೂರು ಕೋಟಿ ಇವೆ. ವ್ಯಾಪಾರ ನಿಂತದ್ದು, ಲೈಸೆನ್ಸು ಬಂದದ್ದು, 1937ರ ಕಾಯ್ದೆಯಂತೆ ಬಂದೂಕು ತೋಟೆಗಳ ಮೇಲಿನ ಶೇ. 11ರ ತೆರಿಗೆ ವನ್ಯಜೀವಿಗಳಿಗೇ ಹೋಗುತ್ತಿರುವುದು, ಎಲ್ಲ ಸೇರಿ ಆದದ್ದು. ಹೊಸ ತಲೆನೋವು ಜಿಂಕೆಯ ಮೆದುಳು ತಿನ್ನುವ ಕ್ಷಯದಂಥ ರೋಗ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡದ್ದು, 2018ರಲ್ಲಿ ನಮ್ಮ ಪಕ್ಕದ ಡಿಕಿನ್ಸನ್ ಕೌಂಟಿಗೂ ಬಂತು. ಅದಾದ ಮೇಲೆ ನಾವು ತಲೆಯನ್ನು ಪರೀಕ್ಷೆಗೆ ಕೊಡದೆ ಮಾಂಸ ಹಂಚುವುದಿಲ್ಲ.

ಒಲೆಯ ಮೇಲಿನ ಹಲಗೆಯಲ್ಲಿ ಕ್ಯಾಂಪಿನ ದಿನಚರಿ ಪುಸ್ತಕವಿದೆ. ಪೆನ್ಸಿಲಿನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಚಳಿಗೆ ಹೆಪ್ಪುಗಟ್ಟುತ್ತದೆ. ಹೋದ ವರ್ಷದ ನನ್ನ ಕೊನೆಯ ಸಾಲು: “ನವೆಂಬರ್ 19. ವಾಯವ್ಯದ ಗಾಳಿ, ಒಂಬತ್ತಕ್ಕೆ ತಿರುಗಿತು. ಹಿಮ ನಾಲ್ಕು ಇಂಚು. ಹೆಣ್ಣು ಎರಡು, ಗಂಡಿನ ಸದ್ದು ಒಂದು. ಈಡು ಇಲ್ಲ. ಪ್ಯಾಸ್ಟಿ ಖಾಲಿ.”