ಅಡ್ಡಹಾಯುವ ಧ್ವನಿ

ಮಲೇಶಿಯಾದ ಮಲಯ ಜನರಲ್ಲಿ, ಹಿರಿಯರು ಕುಳಿತಿರುವೆಡೆ ಅವರ ಮುಂದಿನಿಂದ ಹಾದುಹೋಗಬೇಕಾಗಿ ಬಂದವನು ಬೆನ್ನನ್ನು ತುಸು ಬಾಗಿಸಿ, ಬಲಗೈಯನ್ನು ನೆಲದ ಕಡೆಗೆ ಚಾಚಿ, ‘ತುಂಪಾಂಗ್ ಲಾಲು’ ಎಂದು ಅಪ್ಪಣೆ ಬೇಡಿ ಮುನ್ನಡೆಯುವುದು ಬಹುಕಾಲದಿಂದ ನಡೆದುಬಂದ ರೂಢಿ. ನಡೆಯುವ ದಾರಿ ಸರ್ವರಿಗೂ ಸೇರಿದ್ದಾದರೂ ಕುಳಿತವರ ಎದುರಿನ ಎಡೆ ಆ ಕ್ಷಣಕ್ಕೆ ಅವರದೆಂದು ಒಪ್ಪಿಕೊಳ್ಳುವ ಈ ಕಿರಿದಾದ ಅಂಗಭಂಗಿಯಲ್ಲಿ ಸೌಜನ್ಯದ ತಿರುಳೆಲ್ಲವೂ ಅಡಗಿದೆಯೆಂದು ನಾನು ಬಗೆಯುತ್ತೇನೆ. ಸಾರ್ವಜನಿಕ ಸ್ಥಳದಲ್ಲಿ ಮೊಬೈಲ್ ಬಳಸುವ ಪರಿಯನ್ನು ತೂಗಿನೋಡುವುದಕ್ಕೂ ಇದಕ್ಕಿಂತ ಯುಕ್ತವಾದ ಅಳತೆಗೋಲು ನನಗೆ ತೋರಲಿಲ್ಲ. ಏಕೆಂದರೆ ಧ್ವನಿಯೂ ಹಾದುಹೋಗುವ ವಸ್ತುವೇ. ಹತ್ತು ಮಂದಿಯ ನಡುವೆ ಕುಳಿತು ಸ್ಪೀಕರ್ ತೆರೆದು ಮಾತನಾಡುವವನು ತಾನು ಕುಳಿತಲ್ಲಿಯೇ ಇದ್ದೇನೆಂದು ತಿಳಿದಿರುತ್ತಾನೆ. ಆದರೆ ಅವನ ಮಾತು, ಅಪ್ಪಣೆಯಿಲ್ಲದೆ, ಆ ಹತ್ತು ಮಂದಿಯ ಮುಂದಿನಿಂದಲೂ ಅಡ್ಡಹಾದು ಹೋಗುತ್ತಿರುತ್ತದೆ.

ಸಭ್ಯತೆಯನ್ನು ರಾಷ್ಟ್ರದ ತಳಹದಿಯಲ್ಲಿಯೇ ಇರಿಸಿಕೊಂಡ ದೇಶಗಳು ವಿರಳ. ಅವುಗಳಲ್ಲಿ ಮಲೇಶಿಯಾ ಒಂದು. 1969ರ ಮೇ ತಿಂಗಳಿನ ಜನಾಂಗೀಯ ಗಲಭೆಗಳ ಗಾಯ ಇನ್ನೂ ಹಸಿಯಾಗಿದ್ದಾಗ, 1970ರ ಆಗಸ್ಟ್ 31ರಂದು ಘೋಷಿತವಾದ ‘ರುಕುನ್ ನೆಗಾರ’ ಎಂಬ ರಾಷ್ಟ್ರೀಯ ಪ್ರತಿಜ್ಞೆಯ ಐದು ತತ್ತ್ವಗಳಲ್ಲಿ ಕೊನೆಯದು ಸೌಜನ್ಯ ಮತ್ತು ಸಚ್ಚಾರಿತ್ರ್ಯವನ್ನು ಕುರಿತದ್ದು. ಮಲಯರು, ಚೀನೀಯರು, ತಮಿಳರು ಮೊದಲಾದವರು ಒಂದೇ ಬೀದಿಯಲ್ಲಿ ಬಾಳಬೇಕಾದ ನಾಡಿನಲ್ಲಿ ಸಭ್ಯತೆಯೆಂಬುದು ಅಲಂಕಾರವಲ್ಲ, ಅವಶ್ಯಕತೆಯೆಂಬುದನ್ನು ಅಂದಿನವರು ನೋವಿನಿಂದ ಅರಿತಿದ್ದರು. ಅನಂತರ 2005ರಲ್ಲಿ, ಅಬ್ದುಲ್ಲಾ ಅಹ್ಮದ್ ಬದಾವಿಯವರು ಪ್ರಧಾನಿಯಾಗಿದ್ದಾಗ, ಸೌಜನ್ಯವೇ ನಮ್ಮ ಸಂಸ್ಕೃತಿಯೆಂದು ಸಾರುವ ‘ಬುದಿ ಬಹಾಸ ಬುದಾಯ ಕಿತಾ’ ಎಂಬ ಆಂದೋಲನ ನಡೆಯಿತು. ಅದರ ಉದ್ದೇಶ ಉದಾತ್ತವಾದುದೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಎಲ್ಲ ಸದ್ಗುಣಗಳನ್ನೂ ಒಂದೇ ಘೋಷಣೆಯಲ್ಲಿ ಹಿಡಿಯಲೆಳಸುವ ಇಂತಹ ಆಂದೋಲನಗಳು ಯಾವ ಒಂದು ದುರಭ್ಯಾಸದ ಕೈಯನ್ನೂ ಹಿಡಿದು ನಿಲ್ಲಿಸಲಾರವು. ಮೇಲಾಗಿ, ಅಂದಿನ ಮೊಬೈಲಿನ ದೋಷ ಅದು ಹೊತ್ತಲ್ಲದ ಹೊತ್ತಿನಲ್ಲಿ ಮೊಳಗುವುದಾಗಿತ್ತು. ಮಸೀದಿ, ದೇವಾಲಯ, ಚಿತ್ರಮಂದಿರಗಳ ಗೋಡೆಯ ಮೇಲೆ ಕಾಣುವ ‘ಫೋನನ್ನು ಆರಿಸಿಡಿ’ ಎಂಬ ಕೋರಿಕೆ ಆ ದೋಷಕ್ಕೆ ತಕ್ಕ ಮದ್ದು. ಇಂದು ರಿಂಗಣ ಬಹುಮಟ್ಟಿಗೆ ಮೂಕವಾಗಿದೆ. ಅದರ ಸ್ಥಾನವನ್ನು ವೀಡಿಯೋಗಳ ಸದ್ದೂ ಸ್ಪೀಕರಿನ ಸಂಭಾಷಣೆಯೂ ಆಕ್ರಮಿಸಿವೆ. ವ್ಯಾಧಿ ಬೇರೆಯಾದರೂ ಗೋಡೆಯ ಬರಹ ಹಳೆಯದೇ ಉಳಿದಿದೆ.

ಕ್ವಾಲಾಲಂಪುರದ ಕೆಲಾನಾ ಜಯ ಮಾರ್ಗದ ಎಲ್‌ಆರ್‌ಟಿ ರೈಲು 1998ರಲ್ಲಿ ಆರಂಭವಾದಂದಿನಿಂದಲೂ ಚಾಲಕನಿಲ್ಲದೆ ಓಡುವಂಥದು. ಇದು ಯಂತ್ರಕೌಶಲದ ಸಂಗತಿಯಷ್ಟೇ ಅಲ್ಲ, ನಮ್ಮ ವಿಷಯಕ್ಕೂ ನೇರವಾಗಿ ಸಂಬಂಧಿಸಿದ್ದು. ನಮ್ಮ ಕರ್ನಾಟಕದಲ್ಲಿ ಉಚ್ಚ ನ್ಯಾಯಾಲಯದ ಆದೇಶವನ್ನು ಅನುಸರಿಸಿ 2021ರ ನವೆಂಬರಿನಲ್ಲಿ ರಸ್ತೆ ಸಾರಿಗೆ ನಿಗಮವು ಬಸ್ಸುಗಳಲ್ಲಿ ಮೊಬೈಲಿನ ಹಾಡು, ವೀಡಿಯೋಗಳನ್ನು ಜೋರಾಗಿ ಹಾಕುವುದನ್ನು ನಿಷೇಧಿಸಿತಷ್ಟೆ; ಸಿಬ್ಬಂದಿ ಮೊದಲು ವಿನಂತಿಸಬೇಕು, ವಿನಂತಿಗೆ ಮಣಿಯದವರನ್ನು ಕೆಳಗಿಳಿಸಬಹುದು, ಇಳಿದವರಿಗೆ ಟಿಕೆಟಿನ ಹಣ ಮರಳದು. ಈ ನಿಯಮ ನಿಂತಿರುವುದು ಕಂಡಕ್ಟರನೆಂಬ ಒಬ್ಬ ಜೀವಂತ ವ್ಯಕ್ತಿಯ ಮೇಲೆ. ಆದರೆ ಕೆಲಾನಾ ಜಯ ಮಾರ್ಗದ ಮಸ್ಜಿದ್ ಜಮೇಕ್ ನಿಲ್ದಾಣದಲ್ಲಿ ಕಿಕ್ಕಿರಿದು ಹತ್ತಿದ ಜನರ ನಡುವೆ, ವಿನಂತಿಸಲು ಚಾಲಕನೂ ಇಲ್ಲ, ಕಂಡಕ್ಟರನೂ ಇಲ್ಲ. ಅಲ್ಲಿ ಉಳಿಯುವುದು ಪಕ್ಕದವನೊಬ್ಬನೇ. ಅವನೋ, ಅನ್ಯಜನಾಂಗದ ಅಪರಿಚಿತನನ್ನು ಎಚ್ಚರಿಸಿ ಮುಖಭಂಗಕ್ಕೆ ಕಾರಣನಾಗಬಾರದೆಂಬ ಸಂಕೋಚದಿಂದ ಮೌನವಾಗಿ ಸಹಿಸುತ್ತಾನೆ. ವಾಹನ ನಡೆಸುತ್ತ ಕೈಯಲ್ಲಿ ಫೋನು ಹಿಡಿಯುವವನನ್ನು ಮಲೇಶಿಯಾದ ಕಾನೂನು ದಂಡಿಸುತ್ತದೆ. ಕಾನೂನಿನ ಕಣ್ಣು ತೆರೆಯುವುದು ಪ್ರಾಣಾಪಾಯವಿದ್ದಲ್ಲಿ. ಕಿವಿಗಾದ ಅಪಚಾರಕ್ಕೆ ನ್ಯಾಯ ದೊರಕಬೇಕಾದುದು ಮಾತನಾಡುವವನ ಅಂತಃಕರಣದಿಂದಲೇ.

ಇಲ್ಲಿ ನಮ್ಮವರ ಬಗೆಗೆ ಒಂದು ಮಾತು ಹೇಳದೆ ಮುಂದುವರಿಯಲಾರೆ. ಉದ್ಯೋಗಕ್ಕಾಗಿಯೋ ಪ್ರವಾಸಕ್ಕಾಗಿಯೋ ಆ ನಗರಕ್ಕೆ ಬಂದ ಕನ್ನಡಿಗರಲ್ಲಿ ಅನೇಕರು, ಸುತ್ತಲಿನವರಿಗೆ ಕನ್ನಡ ಅರ್ಥವಾಗುವುದಿಲ್ಲವೆಂಬ ಧೈರ್ಯದಿಂದ, ಊರಿನಲ್ಲಿಯೂ ಎತ್ತದಷ್ಟು ಎತ್ತರದ ಧ್ವನಿಯಲ್ಲಿ ಮನೆಯ ಸಂಗತಿಗಳನ್ನೆಲ್ಲ ಆಡಿಬಿಡುತ್ತಾರೆ. ಈ ಧೈರ್ಯಕ್ಕೆ ಕಿಂಚಿತ್ ಆಧಾರವೂ ಉಂಟು. ಫೋನಿನಲ್ಲಿ ಒಬ್ಬನ ಮಾತು ಮಾತ್ರ ಕೇಳಿಸುವ ಅರೆಸಂಭಾಷಣೆ ಪೂರ್ಣ ಸಂಭಾಷಣೆಗಿಂತ ಹೆಚ್ಚಾಗಿ ಕೇಳುಗರ ಚಿತ್ತವನ್ನು ಚದುರಿಸುತ್ತದೆಯೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಮುಂದಿನ ಮಾತು ಏನಿರಬಹುದೆಂದು ಮನಸ್ಸು ತಾನಾಗಿಯೇ ಊಹಿಸತೊಡಗುವುದೇ ಇದರ ಕಾರಣವೆಂಬುದು ಅವರ ಅಭಿಪ್ರಾಯ. ಪದಗಳು ಅರ್ಥವಾಗದಂತೆ ಧ್ವನಿಯನ್ನು ಮಸುಕುಗೊಳಿಸಿದಾಗ ಆ ಬಾಧೆ ಕಾಣಲಿಲ್ಲವೆಂಬುದನ್ನೂ ಅವರೇ ತೋರಿಸಿದರು. ಆದ್ದರಿಂದ ತಿಳಿಯದ ಭಾಷೆ ಕಡಿಮೆ ಕಾಡುವುದೆಂದು ವಾದಿಸಬಹುದು. ಆದರೂ ನಾನು ಈ ವಾದವನ್ನು ಒಪ್ಪಲಾರೆ. ಅರ್ಥವಾಗದವರನ್ನು ಇಲ್ಲದವರೆಂದು ಎಣಿಸುವುದರಲ್ಲಿಯೇ ಒಂದು ಬಗೆಯ ಅವಮಾನವಿದೆ. ಭಾಷೆ ಬಾರದಿದ್ದ ಮಾತ್ರಕ್ಕೆ ಅವರ ದಣಿವು, ಅವರ ಓದು, ಅವರ ಪ್ರಾರ್ಥನೆ ಇಲ್ಲವಾಗುವುದಿಲ್ಲ. ತಂದೆಯ ಕಾಯಿಲೆ, ತಂಗಿಯ ಮದುವೆಯ ಮಾತುಕತೆ, ಸಾಲದ ಲೆಕ್ಕ ಇವುಗಳನ್ನು ಬೀದಿಯಲ್ಲಿ ಹರಡುವಾಗ ನಾವು ಮನೆಯವರ ಮರ್ಯಾದೆಯನ್ನೂ ಹರಡುತ್ತೇವೆ. ಕನ್ನಡ ಬಾರದ ತಮಿಳನಿಗೂ ತೆಲುಗನಿಗೂ ಅದರಲ್ಲಿ ಅರೆಪಾಲು ಅರ್ಥವಾದೀತು. ಅವರಿಬ್ಬರೂ ಆ ನಗರದಲ್ಲಿ ನೆಲೆಸಿರುವವರೇ.

ಮಕ್ಕಳ ಮನೆಗೆಂದು ಮೈಸೂರಿನಿಂದಲೋ ಶಿವಮೊಗ್ಗೆಯಿಂದಲೋ ಬಂದ ವೃದ್ಧರ ವಿಷಯ ಬೇರೆ. ಕಿವಿ ಮಂದವಾದವರು ಸ್ಪೀಕರನ್ನು ಆಶ್ರಯಿಸುವುದು ಸಹಜ. ಅವರನ್ನು ಅಸಭ್ಯರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಂಥವರಿಗೆ ಇಯರ್‌ಫೋನನ್ನು ಕಿವಿಗಿಟ್ಟು, ಧ್ವನಿಯನ್ನು ಹದಮಾಡಿ, ಕರೆ ಬಂದಾಗ ಮೊದಲು ತಾನೇ ತೆಗೆದುಕೊಂಡು ‘ಅಮ್ಮ ಈಗ ರೈಲಿನಲ್ಲಿದ್ದಾರೆ, ಇಳಿದ ಮೇಲೆ ಮಾತಾಡುತ್ತಾರೆ’ ಎಂದು ತಿಳಿಸುವುದು ಜೊತೆಗಿರುವ ಮಗನ ಅಥವಾ ಮಗಳ ಕರ್ತವ್ಯ.